ಆರಿಸಿದ ಕೆಂಡ

ಕೆಂಡಕ್ಕೆ ನೀರು ಬಿದ್ದಾಗ ಏಳುವ ವಾಸನೆ ಈಗಲೂ ನನ್ನನ್ನು ನಾಗಪುರದ ಆ ರೈಲ್ವೆ ಕ್ವಾರ್ಟರ್ಸಿಗೆ ಎಳೆದೊಯ್ಯುತ್ತದೆ.

ಐವತ್ತರ ದಶಕದ ಒಂದು ಚಳಿಗಾಲ. ಅಪ್ಪ ಹುಬ್ಬಳ್ಳಿಯಿಂದ ವರ್ಗವಾಗಿ ಬಂದಿದ್ದರು. ಅವ್ವ ನನ್ನ ಎರಡನೆಯ ತಂಗಿಯನ್ನು ಹೆತ್ತು ಹೊರಸಿನ ಮೇಲೆ ಮಲಗಿದ್ದಳು. ಬಾಣಂತಿಯ ಮೈ ಕಾಯಲೆಂದು ಹೊರಸಿನ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಶೇಗಡಿ ಇಡುವುದು ನಮ್ಮ ಕಡೆಯ ಪದ್ಧತಿ. ಒಂದು ಮಧ್ಯಾಹ್ನ ಅಜ್ಜಿ, ಅಪ್ಪನ ತಾಯಿ, ಅದನ್ನು ಹೊರಗೆ ಎಳೆದಳು.

“ಅತ್ತೀ, ಇನ್ನೊಂದೀಟು ಇರಲಿ. ಕೂಸಿನ ಕೈಕಾಲು ತಣ್ಣಗಾಗ್ಯಾವ್ರಿ,” ಅಂದಳು ಅವ್ವ.

“ಮತ್ತ ಹೆಣ್ಣು ಹಡದಿ. ಅದಕ್ಯಾಕ ಇಷ್ಟು ಇದ್ದಲಿ ಸುಡಬೇಕು? ಪುಕ್ಕಟೆ ಬರ್ತಾವೇನು?”

ಅಪ್ಪನ ಚಹಾಕ್ಕೆಂದು ನಾಲ್ಕು ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಉಳಿದವುಗಳ ಮೇಲೆ ಅಜ್ಜಿ ಅಂಗಳದಲ್ಲಿ ನೀರು ಚಿಮುಕಿಸಿದಳು. ಚುಂಯ್ ಎಂದು ಬೂದಿ ಎದ್ದು ನನ್ನ ಲಂಗದ ಮೇಲೆ ಕೂತಿತು. ಅರ್ಧ ಸುಟ್ಟ ಇದ್ದಿಲನ್ನು ಗೋಣಿತಟ್ಟಿನ ಮೇಲೆ ಹರವಿ, ಒಣಗಿದ್ದನ್ನು ಡಬ್ಬಿಗೆ ತುಂಬಲು ನನ್ನನ್ನು ಕೂರಿಸಿದಳು.

“ಬರೋಬರ್ ನೋಡಿ ಕಲಿ. ಮನಿತನ ಹಿಂಗ ಉಳಸಬೇಕು,” ಎಂದು ನನ್ನ ತಲೆ ಸವರಿದಳು. ಆಮೇಲೆ ಒಳಗೆ ಕೇಳುವಂತೆ ದನಿ ಎತ್ತರಿಸಿದಳು: “ಮುಂದಿನ ಸಲ ಗಂಡು ಹಡೀಲಿ, ಈ ಡಬ್ಬಿ ಪೂರಾ ಅಕಿಗೇ ಸುಡ್ತೀನಿ.”

ನಾನು ಬಾಗಿಲಿನಿಂದ ಇಣುಕಿದೆ. ಅವ್ವ ಹೊರಸಿನಿಂದ ಬಗ್ಗಿ, ಶೇಗಡಿ ಇದ್ದ ಜಾಗದ ಕಲ್ಲಿಗೆ ಅಂಗೈ ಒತ್ತಿದಳು. ಅಂಗೈ ಬೆಚ್ಚಗಾದ ಮೇಲೆ ಅದನ್ನು ತಂಗಿಯ ಪಾದಕ್ಕೆ ಹಿಡಿದಳು. ಮತ್ತೆ ಬಗ್ಗಿದಳು. ಕಲ್ಲು ಆರುವ ತನಕ ಹಾಗೇ ಮಾಡುತ್ತಿದ್ದಳು.