ಗೋಡೆಗೆ ತಿರುಗಿದ ಮುಖ

ಸೊಂಟಕ್ಕೆ ನೋವಿನ ಪಟ್ಟಿ ಅಂಟಿಸಿಕೊಂಡಾಗಲೆಲ್ಲ ಅದರ ವಾಸನೆಗೆ ಚಿಕ್ಕಂದಿನಲ್ಲಿ ನಾವಿದ್ದ ಜಪಾನಿನ ಇಚಿಕಾವಾ ಊರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮೈಯೆಲ್ಲ ಅದೇ ವಾಸನೆ ಬರುತ್ತಿದ್ದ, ಪಕ್ಕದ ಮನೆಯ ಮುದುಕರೊಬ್ಬರು ನನ್ನ ಹುಟ್ಟುಹಬ್ಬಕ್ಕೆ ಬಂದಿದ್ದರು. ನಲವತ್ತು ವರ್ಷ ಸಿನಿಮಾಗಳಲ್ಲಿ ನಾಯಕನ ಕತ್ತಿಗೆ ಸಿಕ್ಕು ಸಾಯುವ ಪಾತ್ರಗಳನ್ನೇ ಮಾಡಿದವರು. ಅಪ್ಪ ಅರೆಬರೆ ಜಪಾನಿಯಲ್ಲಿ, ಮಕ್ಕಳಿಗೊಮ್ಮೆ ಸತ್ತು ತೋರಿಸಿ ಎಂದರು.

“ರೀ, ಸುಮ್ನಿರಿ, ವಯಸ್ಸಾದೋರು,” ಎಂದಳು ಅಮ್ಮ.

ಅವರು ನಕ್ಕು, ಎದೆ ಹಿಡಿದುಕೊಂಡು, ಗೋಡೆಯತ್ತ ಮುಖ ಮಾಡಿ ಬಿದ್ದರು.

“ಮುಖಾನೇ ಕಾಣ್ಲಿಲ್ಲ! ಇನ್ನೊಂದ್ಸಲ!” ಎಂದು ಕೂಗಿದ್ದು ತಮ್ಮ ಎಂದು ಎಷ್ಟೋ ವರ್ಷ ನಂಬಿದ್ದೆ. ನಾನೇ ಇರಬೇಕು.

“ಮುಖ ಕಂಡುಬಿಟ್ಟರೆ ಜನ ಗುರುತು ಹಿಡೀತಾರೆ, ಮುಂದಿನ ದೃಶ್ಯದಲ್ಲಿ ಮತ್ತೆ ಸಾಯೋದಕ್ಕೆ ಕರೆಯೋದಿಲ್ಲ,” ಎಂದರು ಮಲಗಿದ್ದಲ್ಲಿಂದಲೇ. ಆಮೇಲೆ ಏಳಲು ನೋಡಿದರು. ಆಗಲಿಲ್ಲ. “ಸುಮಿಮಾಸೆನ್” ಎಂದು ಗೋಡೆಗೇ ಕ್ಷಮೆ ಕೇಳಿದರು.

ಅದೂ ನಟನೆಯೆಂದುಕೊಂಡು ನಾವು ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದೆವು.