ಮೊಳೆ ತೂತಿನ ಸೀರೆ

ಪೆಟ್ಟಿಗೆ ತೆರೆದಾಗ ಆ ನೇರಳೆ ರೇಷ್ಮೆ ಸೀರೆಯಿಂದ ಇವತ್ತೂ ಗಂಜಿಯ ವಾಸನೆ ಬರುತ್ತದೆ.

ಮೊಳಕಾಲ್ಮೂರಿನ ನಮ್ಮ ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದ ಮಧ್ಯಾಹ್ನ ನಾನು ಹಾಡಬೇಕಿತ್ತು. ದೊಡ್ಡ ಹುಡುಗಿಯರು ಮರೆಯಲ್ಲಿ ನಿಂತೇ ಹಾಡುವುದು ಅಲ್ಲಿಯ ಪದ್ಧತಿ. ಹೆಡ್‌ಮೇಷ್ಟ್ರು ಅವ್ವ ನೇಯ್ದ ಸೀರೆಯನ್ನೇ ಎರವಲು ತರಿಸಿ, ಎರಡು ಕಂಬಗಳ ನಡುವೆ ಮೊಳೆ ಹೊಡೆಸಿ ಪರದೆ ಕಟ್ಟಿಸಿದ್ದರು. ನಾನು ಅದರ ಹಿಂದೆ ನಿಂತೆ. ಹಾರ್ಮೋನಿಯಂ ಶುರುವಾಯಿತು. ನಾನು ಬಾಯಿ ತೆರೆಯಲಿಲ್ಲ.

“ಯಾಕಮ್ಮಾ, ಹಾಡು ಮರೆತೆಯಾ?” ಎಂದರು ಹೆಡ್‌ಮೇಷ್ಟ್ರು.

“ಇಲ್ಲ ಸಾರ್. ಮುಂದೆ ಬಂದು ಹಾಡ್ತೀನಿ.”

“ಹನ್ನೆರಡು ತುಂಬೈತೆ, ಊರೋರು ಏನಂತಾರೆ? ನೀವಾದ್ರೂ ಹೇಳ್ರಮ್ಮಾ,” ಎಂದು ಬಾಗಿಲಲ್ಲಿದ್ದ ಅವ್ವನ ಕಡೆ ತಿರುಗಿದರು.

ಅವ್ವ ಒಳಗೆ ಬಂದು ಸೀರೆಯನ್ನು ಜಗ್ಗಿದಳು. ಮೊಳೆಗಳು ಕಿತ್ತುಬಂದವು. “ಸೀರೆ ನೇಯೋದು ಉಡೋಕೆ ಕಣ್ರಿ ಮೇಷ್ಟ್ರೇ, ಗೋಡೆ ಕಟ್ಟೋಕಲ್ಲ,” ಎಂದು ಅದನ್ನು ನನ್ನ ಹೆಗಲಿಗೆ ಹೊದಿಸಿದಳು.

ಅವ್ವನ ಮಗ್ಗದ ಸದ್ದಿನಿಂದ ಕಲಿತ ತಾಳವನ್ನು ಪಾದದಲ್ಲಿ ಹಾಕುತ್ತಾ, ಸಾಹೇಬರ ಮುಖ ನೋಡಿಕೊಂಡೇ ಹಾಡು ಮುಗಿಸಿದೆ. ಅವರು ಎದ್ದು ಹೋಗಲಿಲ್ಲ.

ಸೀರೆಯ ಅಂಚಿನಲ್ಲಿ ಎರಡು ತೂತು ಉಳಿದವು. ರಫೂ ಮಾಡಿಸೋಣವೆಂದ ಅಪ್ಪನಿಗೆ ಅವ್ವ, “ಇರ್ಲಿ ಬಿಡ್ರಿ, ಅವು ಕಾಣ್ಬೇಕು,” ಎಂದಳು.