ನಾಲ್ಕು ಬೆರಳು

“ಈಗ ಗೊತ್ತಾಯ್ತದಾ?” ಎಂದು ರವಿಚಂದ್ರ ಕೇಳಿದ.

“ಹೂಂ, ಜುಮ್ ಅಂತದೆ,” ಎಂದಳು ಹೆಂಡತಿ ಗಗನ.

ರವಿಚಂದ್ರ ಅವಳ ಮುಖ ನೋಡಿದ, ಕೈಯಲ್ಲಿದ್ದ ಪುಟ್ಟ ಮಿಷನ್ನು ನೋಡಿದ. ಪಟ್ಟಿ ಅಂಟಿಸುವ ಗಡಿಬಿಡಿಯಲ್ಲಿ ಅದನ್ನು ಅವನಿನ್ನೂ ಆನ್ ಮಾಡಿರಲೇ ಇಲ್ಲ.

ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವನದು. ಕರೆಂಟು ಎಲ್ಲಿ ಹರಿಯುತ್ತಿದೆ, ಎಲ್ಲಿ ನಿಂತಿದೆ ಎಂದು ಮೋಟಾರಿಗೆ ಕಿವಿಗೊಟ್ಟೇ ಹೇಳಿಬಿಡುತ್ತಾನೆಂದು ಸುತ್ತಲ ಊರಲ್ಲೆಲ್ಲ ಹೆಸರು ಬೇರೆ. ಮನೆಯ ಕಥೆ ಹಾಗಿರಲಿಲ್ಲ. ಎಂಟು ತಿಂಗಳ ಹಿಂದೆ ಎರಡನೆಯ ಹೆರಿಗೆ ತುಂಬ ಕಷ್ಟದ್ದಾಗಿ, ಗಗನಳಿಗೆ ಸೊಂಟದ ಕೆಳಗಿನ ಮರ್ಯಾದೆಯ ಜಾಗವೆಲ್ಲ ಜೋಮು ಹಿಡಿದುಬಿಟ್ಟಿತ್ತು. ಗಂಡ ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಮಂಡ್ಯದ ಫಿಸಿಯೋಥೆರಪಿ ಮೇಡಂ ಮೇಧಾ, ನರಕ್ಕೆ ಸಣ್ಣಗೆ ಕರೆಂಟು ಹಾಯಿಸುವ ಈ ಮಿಷನ್ನು ಕೊಟ್ಟು, “ಜೋಮಿರೋ ಜಾಗಕ್ಕೆ ಅಂಟಿಸೋದು ಬೇಡ. ಅಲ್ಲಿಗೆ ಹೋಗೋ ನರ, ಪಾದಕ್ಕೆ ಬರೋ ನರ ಎರಡರ ಬೇರೂ ಬೆನ್ನಲ್ಲಿ ಒಂದೇ ಕಡೆ ಇರುತ್ತೆ. ಈ ವೈರಿನ ಒಂದು ಪಟ್ಟಿ ಹಿಮ್ಮಡಿ ಪಕ್ಕ. ಇನ್ನೊಂದು, ಪಾದದ ಒಳಬದಿ ಗಿಣ್ಣಿಂದ ನಾಲ್ಕು ಬೆರಳು ಮೇಲೆ. ಸರಿಯಾಗಿ ಕೂತರೆ ಕಾಲ್ಬೆರಳು ತಾನೇ ಅಲ್ಲಾಡುತ್ತೆ,” ಎಂದಿದ್ದರು.

ಹತ್ತು ದಿನದಿಂದ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಬಂದು ಅವನೇ ಪಟ್ಟಿ ಅಂಟಿಸುತ್ತಿದ್ದ. ಬೆರಳು ಅಲ್ಲಾಡಲಿಲ್ಲ. ಆದರೂ ಅವಳು ದಿನವೂ ಹೂಂ ಎನ್ನುತ್ತಿದ್ದಳು, ಅವನು ನಂಬುತ್ತಿದ್ದ.

“ಮಿಸನ್ನೇ ಆನ್ ಮಾಡಿಲ್ಲ ಕಣಮ್ಮಿ,” ಎಂದ.

ಗಗನ ನೈಟಿಯ ಅಂಚನ್ನು ಕಾಲ ಮೇಲೆ ಎಳೆದುಕೊಂಡಳು. ತೊಟ್ಟಿಲಲ್ಲಿ ಮಗು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು.

“ಹತ್ತು ದಿನದಿಂದ್ಲೂ ಇಂಗೇಯಾ?”

“ಹೂಂ.”

ಈ ಹೂಂ ಮಾತ್ರ ನಿಜ ಎಂದು ಅವನಿಗೆ ಗೊತ್ತಾಯಿತು. ಮಿಷನ್ನಿನ ವೈರಿನ ಸಿಕ್ಕು ಬಿಡಿಸುತ್ತಲೇ ಕೇಳಿದ.

“ಮತ್ತೆ… ನಾವಿಬ್ರೂ ಒಟ್ಗೆ ಇರೋವಾಗ್ಲೂ ಹೂಂ ಅಂತಿದ್ದೆ. ಅದೂ ಇಂಗೇಯಾ?”

“ಇನ್ನೇನನ್ಲಿ?” ಗಗನ ನೈಟಿಯ ತೋಳಿನಿಂದ ಕಣ್ಣೊರೆಸಿಕೊಂಡಳು. “ಇವ್ಳಿಗೆ ನನ್ ಮ್ಯಾಲೆ ಆಸೇನೇ ಓಯ್ತು ಅಂತ ನೀವ್ ಅಂದ್ಕೊಂಬುಟ್ರೆ ಅಂತ ಭಯ ಆಯ್ತು. ಆಸೆ ಅದೆ ಕಣ್ರೀ. ಮುಟ್ಟಿದ್ದೇ ಗೊತ್ತಾಗಕಿಲ್ಲ, ಅಷ್ಟೇಯ.”

ಸಿಟ್ಟು ಬರಬಹುದಿತ್ತು, ಬರಲಿಲ್ಲ. ಊರಿನ ಮೋಟಾರುಗಳ ಒಳಗುಟ್ಟು ಬಲ್ಲ ಮಹಾಶಯನಿಗೆ ತನ್ನ ಮೇಲೇ ನಾಚಿಕೆಯಾಯಿತು. ಎಂಟು ತಿಂಗಳು ಇವಳೊಬ್ಬಳೇ ಇದನ್ನು ಹೊತ್ತುಕೊಂಡಿದ್ದಳಲ್ಲ ಎಂದುಕೊಂಡು ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಇನ್ಮ್ಯಾಲೆ ಇಲ್ಲ ಅಂದ್ರೆ ಇಲ್ಲ ಅಂತ್ಲೇ ಯೋಳು. ನಾನೇನ್ ಕರಗೋಯ್ತೀನಾ?”

ಅವಳ ಪಾದವನ್ನು ಕಬ್ಬಿಣದ ಮಂಚದ ಕಂಬಿಗೆ ಒರಗಿಸಿ, ಮಿಷನ್ನು ಆನ್ ಮಾಡಿದ.

“ಈಗ?”

“ಇಲ್ಲ.”

ಗುಂಡಿ ಒತ್ತಿ ಒಂದು ಅಂಕೆ ಏರಿಸಿದ.

“ಇಲ್ಲ,” ಎಂದಳು. ಇಲ್ಲ ಎನ್ನುವುದು ಇಷ್ಟು ಹಗುರವೆಂದು ಅವಳಿಗೆ ಗೊತ್ತಿರಲಿಲ್ಲ. ಅಳುತ್ತಿದ್ದವಳಿಗೆ ನಗುವೂ ಬಂತು.

ಅವನು ಮಿಷನ್ನು ಆರಿಸಿ, ಪಟ್ಟಿ ಕಿತ್ತು, ಗಿಣ್ಣಿನ ಮೇಲೆ ಮತ್ತೆ ನಾಲ್ಕು ಬೆರಳಿಟ್ಟು ಅಳೆದ. ವರ್ಷಗಟ್ಟಲೆ ತಂತಿ ಎಳೆದೆಳೆದು ದಪ್ಪಗೆ ಗಂಟುಗಟ್ಟಿದ ಆ ಬೆರಳುಗಳನ್ನು ಗಗನ ದಿಟ್ಟಿಸಿ ನೋಡಿದಳು.

“ತಡೀರಿ. ಮೇಡಂ ನಾಲ್ಕ್ ಬೆರಳು ಅಂದಿದ್ದು ಯಾರ್ ಬೆರಳು?”

“ಯಾರ್ದಾದ್ರೇನು, ಬೆರಳು ಬೆರಳೇ ಅಲ್ವಾ?”

“ಕಾಲು ನಂದು ಕಣ್ರೀ! ನಿಮ್ ಬೆರಳಲ್ಲಿ ಅಳದ್ರೆ ಮೊಣಕಾಲ್ಗೇ ಓಯ್ತದೆ. ಇತ್ಲಾಗ್ ಕೊಡಿ.”

ಬಗ್ಗಿ ತನ್ನ ನಾಲ್ಕು ಬೆರಳನ್ನು ತಾನೇ ಜೋಡಿಸಿಟ್ಟಳು. ಅವನು ಹತ್ತು ದಿನ ಅಂಟಿಸಿದ್ದ ಜಾಗ ಒಂದು ಬೆರಳಷ್ಟು ಮೇಲಿತ್ತು. ಅವಳು ಪಟ್ಟಿಯನ್ನು ಕೆಳಗೆ ಕೂರಿಸಿ, ಅಂಗೈಯಿಂದ ಒತ್ತಿ, ‘ಹೂಂ, ಈಗ ಆನ್ ಮಾಡಿ’ ಎಂಬಂತೆ ಗದ್ದ ಎತ್ತಿದಳು.

ಅವನು ಮಿಷನ್ನು ಆನ್ ಮಾಡಿ ಗುಂಡಿ ಒತ್ತಿದ. ಒಂದು. ಎರಡು. ಮೂರು.

ಗೊತ್ತಾಯ್ತದಾ ಎಂದು ಅವನು ಬಾಯಿ ತೆರೆಯುವ ಮೊದಲೇ, ಅವಳ ಕಾಲುಂಗುರ ಮಂಚದ ಕಂಬಿಗೆ ಟಿಣ್ ಎಂದಿತು.